ಎಲೆಕ್ಟ್ರಾನುಗಳು ಎಳೆ ಹಿಡಿದಾಗ: ನೆಮ್ಯಾಟಿಕ್ ಸ್ಥಿತಿ ಮತ್ತು ಅತಿವಾಹಕತೆಯನ್ನು ಮನೆಯ ಮೇಜಿನ ಮೇಲೆ ಕಲಿಯುವ ಮಾರ್ಗದರ್ಶಿ

ಅಡಿಕೆ ಹಾಳೆ ಸೀಳಿದವರಿಗೆ ಈ ವಿಷಯದ ಮೊದಲ ಪಾಠ ಆಗಲೇ ಆಗಿದೆ. ಉದ್ದಕ್ಕೆ ಎಳೆದರೆ ಹಾಳೆ ಸರ್ರನೆ ಸೀಳಿಕೊಂಡು ಬರುತ್ತದೆ. ಅಡ್ಡಕ್ಕೆ ಹರಿಯಲು ಹೋದರೆ ಕೈ ಸೋಲುತ್ತದೆ, ಕತ್ತಿಯೇ ಬೇಕು. ಚಿಕ್ಕವನಿದ್ದಾಗ ನಾನು ಅಡ್ಡಡ್ಡ ಎಳೆಯುತ್ತಿದ್ದರೆ ಅಜ್ಜಿ ಅಂಗಳದಿಂದಲೇ ಕೂಗುತ್ತಿದ್ದರು: "ಎಳೆ ನೋಡ್ಕೊಂಡು ಸೀಳೋ ಮಾರಾಯಾ!" ನೆಮ್ಯಾಟಿಕ್ ಎಂಬ ಪದದ ಮೂಲವೂ ಗ್ರೀಕಿನ ಎಳೆಯೇ, ನೀಮಾ ಎಂದರೆ ನೂಲು. ಕೆಲವು ಲೋಹಗಳೊಳಗಿನ ಎಲೆಕ್ಟ್ರಾನುಗಳು ತಾವಾಗಿಯೇ ಹೀಗೊಂದು ಎಳೆ ಹಿಡಿಯುತ್ತವೆ. ಆ ಎಳೆಗೂ ಅತಿವಾಹಕತೆಗೂ (ತಣ್ಣಗಾದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ ರೋಧ ಪೂರ್ತಿ ಮಾಯವಾಗುವ ಗುಣಕ್ಕೂ) ಏನು ನಂಟು ಎನ್ನುವುದು ಇವತ್ತಿನ ಘನವಸ್ತು ಭೌತಶಾಸ್ತ್ರದ ದೊಡ್ಡ ಪ್ರಶ್ನೆಗಳಲ್ಲಿ ಒಂದು.

ನಾನು ತೀರ್ಥಹಳ್ಳಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಶಂಕರಘಟ್ಟಕ್ಕೋ ಬೆಂಗಳೂರಿಗೋ ಎಂ.ಎಸ್ಸಿ. ಓದಲು ಹೋದ ಹುಡುಗ ಹುಡುಗಿಯರು ರಜೆಯಲ್ಲಿ ಬಂದು ಕೇಳುವುದುಂಟು: "ಸರ್, ನೆಮ್ಯಾಟಿಕ್ ಅಂದ್ರೆ ಟಿವಿ ಪರದೆ ಒಳಗಿನ ದ್ರವ ಅಲ್ವಾ? ಲೋಹದಲ್ಲಿ ಅದು ಹ್ಯಾಗೆ?" ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆದಿದ್ದೇನೆ. ದ್ರವ ಹೀಲಿಯಂ ಬೇಡ, ಹರಳು ಬೆಳೆಸುವ ಕುಲುಮೆ ಬೇಡ. ಒಂದು 8ಬಿ ಪೆನ್ಸಿಲ್, ಡ್ರಾಯಿಂಗ್ ಹಾಳೆ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಸಾಧಾರಣ ಮಲ್ಟಿಮೀಟರ್, 30 ಸೆಂಟಿಮೀಟರಿನ ತೆಳು ಸ್ಟೀಲ್ ಸ್ಕೇಲು, ಹೊಲಿಗೆ ಯಂತ್ರದ ಒಂದು ಬಾಬಿನ್, ಸ್ವಲ್ಪ ದಾರ, ಒಂದಿಷ್ಟು ಮರಳು ಸಾಕು. ಎರಡು ಸಂಜೆ ಬಿಡುವು ಮಾಡಿಕೊಳ್ಳಿ.

ಹಂತ 1: ಏನು ಮುರಿಯಿತು ಎಂದು ಮೊದಲು ಕೇಳಿ

ತೊಟ್ಟಿಮನೆಯ ಅಂಗಳವನ್ನು ನೆನೆಸಿಕೊಳ್ಳಿ. ಚೌಕದ ಅಂಗಳ, ನಾಲ್ಕೂ ಕಡೆ ಒಂದೇ ಥರದ ಜಗಲಿ, ಒಂದೇ ಅಳತೆಯ ಕಂಬ. ಕಣ್ಣು ಕಟ್ಟಿ ಕಾಲು ಸುತ್ತು ತಿರುಗಿಸಿ ನಿಲ್ಲಿಸಿದರೆ ಯಾವ ದಿಕ್ಕಿಗೆ ಮುಖ ಮಾಡಿದ್ದೀರಿ ಎಂದು ಗೊತ್ತಾಗುವುದಿಲ್ಲ. ಕಬ್ಬಿಣ ಆಧಾರಿತ ಅತಿವಾಹಕಗಳ ಹರಳು ಹೆಚ್ಚಿನ ತಾಪಮಾನದಲ್ಲಿ ಹೀಗೇ ಇರುತ್ತದೆ: ಕಬ್ಬಿಣದ ಪರಮಾಣುಗಳು ಚೌಕ ಚೌಕವಾಗಿ ಹರಡಿಕೊಂಡಿರುತ್ತವೆ, ಪೂರ್ವ-ಪಶ್ಚಿಮಕ್ಕೂ ಉತ್ತರ-ದಕ್ಷಿಣಕ್ಕೂ ವ್ಯತ್ಯಾಸವಿಲ್ಲ. ಈಗ ಮನೆಯ ಗೋಡೆ ಕಂಬ ಯಾವುದನ್ನೂ ಮುಟ್ಟದೆ, ಒಳಗಿನ ಜನ ಮಾತ್ರ ಪೂರ್ವ-ಪಶ್ಚಿಮಕ್ಕೇ ಓಡಾಡುವುದನ್ನು ರೂಢಿ ಮಾಡಿಕೊಂಡರು ಎನ್ನಿ. ಅದೇ ಎಲೆಕ್ಟ್ರಾನಿಕ್ ನೆಮ್ಯಾಟಿಕ್ ಸ್ಥಿತಿ.

ಎರಡು ವಿಷಯ ಇಲ್ಲೇ ಗಟ್ಟಿ ಮಾಡಿಕೊಳ್ಳಿ. ಮೊದಲನೆಯದು, ಇಲ್ಲಿ ಗೆರೆಯಿದೆ, ಬಾಣವಿಲ್ಲ. ಹಾಳೆಯ ಎಳೆಗೆ ತಲೆ-ಬಾಲ ಇಲ್ಲದ ಹಾಗೆ, ಪೂರ್ವ-ಪಶ್ಚಿಮ ಎಂದರೂ ಪಶ್ಚಿಮ-ಪೂರ್ವ ಎಂದರೂ ಒಂದೇ. ಅಯಸ್ಕಾಂತಕ್ಕೆ ಬಾಣವಿದೆ, ಇದಕ್ಕಿಲ್ಲ. ಎರಡನೆಯದು, ಇಲ್ಲಿ ಸಾಲು ಇಲ್ಲ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಇಂತಿಷ್ಟು ಅಂತರ ಎಂಬ ಲೆಕ್ಕವಿರುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ನೋಟವೇ ಬದಲಾಗುತ್ತದೆ. ಎಲೆಕ್ಟ್ರಾನುಗಳು ಹಾಗೆ ಸಾಲುಗಟ್ಟಿದರೆ ಅದನ್ನು ಪಟ್ಟೆ ಸ್ಥಿತಿ ಎನ್ನುತ್ತಾರೆ. ನೆಮ್ಯಾಟಿಕ್‌ನಲ್ಲಿ ಮುರಿಯುವುದು ತಿರುಗಣೆಯ ಸಮಮಿತಿ, ಅಂದರೆ ಕಾಲು ಸುತ್ತು ತಿರುಗಿಸಿದರೂ ಒಂದೇ ಥರ ಕಾಣುವ ಗುಣ, ಮಾತ್ರ.

ನೆಮ್ಯಾಟಿಕ್ ಎಂಬ ಮಾತು ಬಂದದ್ದು ಟಿವಿ ಪರದೆಯೊಳಗಿನ ದ್ರವಹರಳಿನಿಂದ, ಅಂದರೆ ದ್ರವದ ಹಾಗೆ ಹರಿದರೂ ಅಣುಗಳು ದಿಕ್ಕು ಹಿಡಿದಿರುವ ವಸ್ತುವಿನಿಂದ. ಅದರ ಕಥೆ 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಅವರಿಂದ ಶುರುವಾಗುತ್ತದೆ. ನೆಮ್ಯಾಟಿಕ್ ಎಂಬ ಹೆಸರನ್ನು 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಕೊಟ್ಟರು. ನಮ್ಮ ನಾಡಿಗೂ ಇದರಲ್ಲಿ ದೊಡ್ಡ ಪಾಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದ ಎಸ್. ಚಂದ್ರಶೇಖರ್ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಜೊತೆಗೂಡಿ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಹರಳನ್ನು ಕಂಡುಹಿಡಿದರು. ಅಲ್ಲಿಯವರೆಗೆ ದ್ರವಹರಳು ಎಂದರೆ ಕಡ್ಡಿಯಾಕಾರದ ಅಣುಗಳು ಎಂದೇ ಎಲ್ಲರೂ ನಂಬಿದ್ದರು. ಕನ್ನಡದ ವಿದ್ಯಾರ್ಥಿಗಳಿಗೆ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಎಲೆಕ್ಟ್ರಾನು ಕಡ್ಡಿಯೂ ಅಲ್ಲ, ತಟ್ಟೆಯೂ ಅಲ್ಲ, ಬಿಂದು. ಬಿಂದುಗಳ ಗುಂಪೊಂದು ದಿಕ್ಕು ಹಿಡಿಯುವುದು ಹೇಗೆ? ಅವುಗಳ ನಡುವಿನ ತಳ್ಳಾಟವೇ ಕಾರಣ. ಆ ತಳ್ಳಾಟ ಜೋರಾದರೆ ದುಂಡಗಿನ ಫರ್ಮಿ ಮೇಲ್ಮೈ (ಎಲೆಕ್ಟ್ರಾನುಗಳ ಸಂವೇಗದ ನಕ್ಷೆಯಲ್ಲಿ ತುಂಬಿದ ಭಾಗದ ಗಡಿ) ತಾನಾಗಿ ಮೊಟ್ಟೆಯಾಕಾರಕ್ಕೆ ತಿರುಗಬಹುದು ಎಂದು 1958ರಲ್ಲಿ ಪೊಮೆರಾಂಚುಕ್ ತೋರಿಸಿದರು. 1998ರಲ್ಲಿ ಕೀವೆಲ್‌ಸನ್, ಫ್ರಾಡ್ಕಿನ್, ಎಮರಿ ಈ ಮೂವರು ತಾಮ್ರದ ಆಕ್ಸೈಡ್ ಅತಿವಾಹಕಗಳಂಥ ವಸ್ತುಗಳಲ್ಲಿ ಎಲೆಕ್ಟ್ರಾನುಗಳದೇ ದ್ರವಹರಳು ಸ್ಥಿತಿಗಳಿರಬೇಕು ಎಂದು ವಾದಿಸಿದರು. ಮರುವರ್ಷವೇ ಗ್ಯಾಲಿಯಂ ಆರ್ಸೆನೈಡ್‌ನ ಎರಡು ಆಯಾಮದ ಎಲೆಕ್ಟ್ರಾನು ಪದರದಲ್ಲಿ, ಪ್ರಬಲ ಕಾಂತಕ್ಷೇತ್ರ ಮತ್ತು ಕೆಲ್ವಿನ್ನಿನ ಹತ್ತನೇ ಒಂದರಷ್ಟು ತಣ್ಣಗಿನ ತಾಪಮಾನದಲ್ಲಿ, ಒಂದು ದಿಕ್ಕಿನ ರೋಧ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾದದ್ದು ಕಂಡಿತು.

ಹಂತ 2: ಪೆನ್ಸಿಲ್ ಚೌಕ

ಡ್ರಾಯಿಂಗ್ ಹಾಳೆಯ ಮೇಲೆ 6 ಸೆಂಟಿಮೀಟರಿನ ಚೌಕ ಬರೆಯಿರಿ. 8ಬಿ ಪೆನ್ಸಿಲಿನಿಂದ ಒಂದೇ ದಿಕ್ಕಿನಲ್ಲಿ ಗೆರೆ ಎಳೆಯುತ್ತಾ ಹೋಗಿ. ಅಡ್ಡಕ್ಕೆ ಉಜ್ಜಬೇಡಿ, ಬೆರಳಿನಿಂದ ಒರೆಸಬೇಡಿ. ಗೆರೆಗಳು ಒಂದಕ್ಕೊಂದು ಅಲ್ಲಲ್ಲಿ ತಾಗುವಷ್ಟು ಒತ್ತಾಗಿರಲಿ, ಪೂರ್ತಿ ಬೆರೆತುಹೋಗುವಷ್ಟು ಬೇಡ. ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆಯಾಗಿ ಹಿಡಿದರೆ ಒಂದು ಕೋನದಲ್ಲಿ ಗೆರೆಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ, ಕಾಲು ಸುತ್ತು ತಿರುಗಿಸಿದರೆ ಮಂಕಾಗುತ್ತವೆ. ಆ ಹೊಳಪಿನ ವ್ಯತ್ಯಾಸವೇ ನಿಮ್ಮ ಮೊದಲ ಅಳತೆ.

ಈಗ ಎದುರುಬದುರಿನ ಎರಡು ಅಂಚಿಗೆ ಫಾಯಿಲ್ ಪಟ್ಟಿ ಇಟ್ಟು, ಮೇಲೆ ಒಂದು ಮರದ ಪಟ್ಟಿಯಿಂದ ಒತ್ತಿ, ಮಲ್ಟಿಮೀಟರಿನಲ್ಲಿ ರೋಧ ನೋಡಿ. ಬರೆದುಕೊಂಡು ಫಾಯಿಲ್ ತೆಗೆದು, ಇನ್ನೆರಡು ಅಂಚಿಗೆ ಹಾಕಿ ಮತ್ತೆ ನೋಡಿ. ನಾಲ್ಕೂ ಅಂಚಿಗೆ ಒಟ್ಟಿಗೆ ಫಾಯಿಲ್ ಹಾಕಿ ಬಿಡಬೇಡಿ. ಪಕ್ಕದ ಫಾಯಿಲ್ ಕರೆಂಟಿಗೆ ಒಳದಾರಿಯಾಗುತ್ತದೆ, ಎರಡು ದಿಕ್ಕಿನ ವ್ಯತ್ಯಾಸ ಅರ್ಧಂಬರ್ಧ ಮುಚ್ಚಿಹೋಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಗೆರೆಯ ಉದ್ದಕ್ಕೆ ರೋಧ ಕಡಿಮೆ, ಅಡ್ಡಕ್ಕೆ ಹೆಚ್ಚು ಬರುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ. ಉದಾಹರಣೆಗೆ ಉದ್ದಕ್ಕೆ 4 ಕಿಲೋ ಓಮ್, ಅಡ್ಡಕ್ಕೆ 6 ಬಂದರೆ, 2 ಭಾಗಿಸು 10, ಅಂದರೆ 0.2. ಈ ಸಂಖ್ಯೆಗೆ ದಿಕ್ಕುಭೇದ ಎನ್ನೋಣ. ಸೊನ್ನೆಯಾದರೆ ಚೌಕ ಚೌಕವಾಗಿಯೇ ಇದೆ ಎಂದರ್ಥ.

ಮಳೆಗಾಲದಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ನಾನು ಮೊದಲ ಸಲ ಮಾಡಿದ್ದು ಜುಲೈನಲ್ಲಿ. ಬೆಳಗ್ಗೆ ಒಂದು ಸಂಖ್ಯೆ, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು. ಎರಡು ದಿನ ಅದಕ್ಕೇನೇನೋ ಕಾರಣ ಹುಡುಕಿದೆ. ಕಾಗದ ಥಂಡಿ ಹೀರಿ ಉಬ್ಬಿತ್ತು, ಅಷ್ಟೇ. ಈಗ ಹಾಳೆಯನ್ನು ಹಿಂದಿನ ರಾತ್ರಿಯೇ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟುಕೊಳ್ಳುತ್ತೇನೆ. ಎರಡು ದಿಕ್ಕಿನ ಅಳತೆಯ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಬಿಡುವುದಿಲ್ಲ.

ಹಂತ 3: ಅವಳಿಗಳು ಮಾಡುವ ಮೋಸ

ಇನ್ನೊಂದು ಚೌಕ ಬರೆದು ಅದರೊಳಗೆ ಚದುರಂಗದ ಮಣೆಯ ಹಾಗೆ 8 ಸಾಲು, 8 ಕಂಬದ ಮನೆಗಳನ್ನು ಮಾಡಿ. ಒಂದು ಬಿಟ್ಟು ಒಂದು ಮನೆಗೆ ಉದ್ದ ಗೆರೆ, ಉಳಿದವಕ್ಕೆ ಅಡ್ಡ ಗೆರೆ ತುಂಬಿ. ಮನೆಗಳ ಗಡಿಯಲ್ಲಿ ಸಂದು ಉಳಿಯದ ಹಾಗೆ ಗೆರೆಯನ್ನು ಸ್ವಲ್ಪ ದಾಟಿಸಿ. ಈಗ ಎರಡೂ ದಿಕ್ಕಿನಲ್ಲಿ ಅಳೆಯಿರಿ. ರೋಧ ಹೆಚ್ಚುಕಡಿಮೆ ಒಂದೇ ಬರುತ್ತದೆ. ಒಂದೊಂದು ಮನೆಯೊಳಗೂ ಎಳೆ ಇದೆ, ಆದರೆ ಒಟ್ಟು ಹಾಳೆಗೆ ಎಳೆ ಇಲ್ಲ.

ನಿಜವಾದ ಹರಳಿನಲ್ಲೂ ಆಗುವುದು ಇದೇ. ಬೇರಿಯಂ-ಕಬ್ಬಿಣ-ಆರ್ಸೆನಿಕ್ ಹರಳು ಸುಮಾರು 138 ಕೆಲ್ವಿನ್‌ಗೆ ತಣ್ಣಗಾದಾಗ ಚೌಕದ ಜಾಲಕ (ಪರಮಾಣುಗಳು ಕೂತ ಚೌಕಟ್ಟು) ಆಯತವಾಗುತ್ತದೆ: ಒಂದು ಬದಿ 5.61 ಆಂಗ್‌ಸ್ಟ್ರಮ್, ಇನ್ನೊಂದು 5.57. ಆದರೆ ಹರಳಿನ ಒಂದು ಭಾಗ ಉದ್ದವನ್ನು ಈ ಕಡೆಗೆ ಆರಿಸಿಕೊಂಡರೆ ಪಕ್ಕದ ಭಾಗ ಆ ಕಡೆಗೆ ಆರಿಸಿಕೊಳ್ಳುತ್ತದೆ. ಇವನ್ನು ಅವಳಿ ಡೊಮೇನ್ ಎನ್ನುತ್ತಾರೆ. ತಂತಿ ಹಾಕಿ ಅಳೆದವರಿಗೆ ಸಿಗುವುದು ಸರಾಸರಿ ಮಾತ್ರ. ಎಳೆ ಕಣ್ಣೆದುರಿಗೇ ಇದ್ದೂ ಕಾಣುವುದಿಲ್ಲ. 2008ರಲ್ಲಿ ಜಪಾನಿನ ಹೊಸೊನೊ ತಂಡ 26 ಕೆಲ್ವಿನ್ನಿನಲ್ಲಿ ಅತಿವಾಹಕವಾಗುವ ಕಬ್ಬಿಣದ ಸಂಯುಕ್ತವನ್ನು ಪ್ರಕಟಿಸಿದ ಮೇಲೆ ಲೋಕದ ತುಂಬ ಪ್ರಯೋಗ ನಡೆದರೂ, ಈ ದಿಕ್ಕುಭೇದ ಸ್ಪಷ್ಟವಾಗಿ ಕಣ್ಣಿಗೆ ಬಿದ್ದದ್ದು 2010ರ ಹೊತ್ತಿಗೆ. ಸ್ಟ್ಯಾನ್‌ಫರ್ಡ್‌ನ ಇಯಾನ್ ಫಿಶರ್ ತಂಡ ಹರಳನ್ನು ಒಂದು ಪುಟ್ಟ ಸಾಧನದಲ್ಲಿ ಒಂದೇ ದಿಕ್ಕಿಗೆ ಅದುಮಿ ಹಿಡಿದು ತಣ್ಣಗೆ ಮಾಡಿತು. ಅದುಮಿದ ಕಡೆಗೆ ಗಿಡ್ಡ ಬದಿ ಬಂತು, ಅವಳಿಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸೇರಿಕೊಂಡವು.

ಫಲಿತಾಂಶವನ್ನು ನಿಧಾನವಾಗಿ ಓದಿ. ಜಾಲಕದ ಎರಡು ಬದಿಗಳ ನಡುವಿನ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಸ್ವಲ್ಪ ಕೋಬಾಲ್ಟ್ ಬೆರೆಸಿದ ಹರಳಿನಲ್ಲಿ ರೋಧದ ವ್ಯತ್ಯಾಸ ಹತ್ತಿರ ಹತ್ತಿರ ಎರಡು ಪಟ್ಟು! ಅಷ್ಟೇ ಅಲ್ಲ, ಗಿಡ್ಡ ಬದಿಯ ದಿಕ್ಕಿನಲ್ಲೇ ರೋಧ ಹೆಚ್ಚು. ಪರಮಾಣುಗಳು ಹತ್ತಿರವಿದ್ದರೆ ಎಲೆಕ್ಟ್ರಾನು ಸಲೀಸಾಗಿ ದಾಟಬೇಕಲ್ಲವೇ ಎಂಬ ನಮ್ಮ ಸಹಜ ಊಹೆಗೆ ಇದು ತದ್ವಿರುದ್ಧ. ಜಾಲಕದ ಆಕಾರ ಒಂದರಿಂದಲೇ ಇದನ್ನು ವಿವರಿಸಲು ಬರುವುದಿಲ್ಲ.

ಹಂತ 4: ಮೊದಲು ತಿರುಗಿದ್ದು ಯಾರು?

ಜಾಲಕ ಆಯತವಾದದ್ದರಿಂದ ಎಲೆಕ್ಟ್ರಾನು ದಿಕ್ಕು ಹಿಡಿಯಿತೋ, ಎಲೆಕ್ಟ್ರಾನು ದಿಕ್ಕು ಹಿಡಿದದ್ದರಿಂದ ಜಾಲಕ ಆಯತವಾಯಿತೋ? ಒಂದು ಬದಲಾದರೆ ಇನ್ನೊಂದು ಬದಲಾಗಲೇಬೇಕು, ಹಾಗಾಗಿ ಎರಡೂ ಒಂದೇ ತಾಪಮಾನದಲ್ಲಿ ಆಗುತ್ತವೆ. ಸುಮ್ಮನೆ ನೋಡುತ್ತಾ ಕೂತರೆ ಉತ್ತರ ಸಿಗದು.

ನಮ್ಮ ಅಡಿಕೆ ಹಾಳೆ ಮತ್ತು ಪೆನ್ಸಿಲ್ ಚೌಕದ ಹೋಲಿಕೆ ಇಲ್ಲಿ ಕೈಕೊಡುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಡಿಕೆ ಹಾಳೆಯ ಎಳೆ ಬೆಳೆಯುವಾಗಲೇ ಬಂದದ್ದು. ಪೆನ್ಸಿಲ್ ಗೆರೆ ನೀವೇ ಎಳೆದದ್ದು. ನೆಮ್ಯಾಟಿಕ್ ಎಂದು ಕರೆಸಿಕೊಳ್ಳಬೇಕಾದರೆ ಎಳೆ ಇಲ್ಲದ ಕಡೆ ಎಳೆ ತಾನಾಗಿ ಹುಟ್ಟಬೇಕು. ಇಟ್ರಿಯಂ-ಬೇರಿಯಂ-ತಾಮ್ರ ಆಕ್ಸೈಡಿನ ವಿಷಯದಲ್ಲಿ ವಾದ ವಿವಾದ ಇಷ್ಟು ದಿನ ನಡೆದದ್ದು ಇದಕ್ಕೇ. 93 ಕೆಲ್ವಿನ್ನಿನವರೆಗೂ ಅತಿವಾಹಕವಾಗಬಲ್ಲ ಆ ಹರಳಿನಲ್ಲಿ ತಾಮ್ರ-ಆಮ್ಲಜನಕದ ಸರಪಳಿಗಳು ಮೊದಲೇ ಒಂದು ದಿಕ್ಕಿಗೆ ಮಲಗಿರುತ್ತವೆ. ಅಲ್ಲಿ ದಿಕ್ಕುಭೇದ ಕಂಡರೆ ಸರಪಳಿಯದೆಷ್ಟು, ಎಲೆಕ್ಟ್ರಾನುಗಳ ಸ್ವಂತದ್ದೆಷ್ಟು ಎಂದು ಬಿಡಿಸಿ ಹೇಳಬೇಕು.

2012ರಲ್ಲಿ ಅದೇ ಸ್ಟ್ಯಾನ್‌ಫರ್ಡ್ ತಂಡ ಜಾಣ ದಾರಿಯೊಂದನ್ನು ಹಿಡಿಯಿತು. ಹರಳನ್ನು ಪೀಜೋ ತುಂಡಿನ ಮೇಲೆ ಅಂಟಿಸಿದರು. ಪೀಜೋಗೆ ವೋಲ್ಟೇಜ್ ಕೊಟ್ಟರೆ ಅದು ಒಂದು ದಿಕ್ಕಿಗೆ ಹಿಗ್ಗಿ ಇನ್ನೊಂದು ದಿಕ್ಕಿಗೆ ಕುಗ್ಗುತ್ತದೆ, ಅಂಟಿದ ಹರಳೂ ಅದರ ಜೊತೆ ಹಿಗ್ಗಬೇಕು. ಅಂದರೆ ಹಿಗ್ಗು ಎಷ್ಟೆಂದು ತೀರ್ಮಾನಿಸುವವರು ನಾವು, ಹರಳಲ್ಲ. ಅಷ್ಟು ಹಿಗ್ಗಿಗೆ ದಿಕ್ಕುಭೇದ ಎಷ್ಟು ಹುಟ್ಟಿತು ಎಂದು ಅಳೆದರು. ಜಾಲಕವೇ ಮುಂದಾಳಾಗಿದ್ದರೆ, ಒಂದೇ ಪ್ರಮಾಣದ ಹಿಗ್ಗಿಗೆ ಎಲೆಕ್ಟ್ರಾನುಗಳ ಸ್ಪಂದನೆ ಎಲ್ಲ ತಾಪಮಾನದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕಿತ್ತು. ಆದದ್ದು ಬೇರೆ. ತಣ್ಣಗಾಗುತ್ತಾ ಹೋದ ಹಾಗೆ ಸ್ಪಂದನೆ ಏರಿತು, ಬದಲಾವಣೆಯ ತಾಪಮಾನ ಹತ್ತಿರವಾದಂತೆ ಸಿಡಿಯುವ ಹಾಗೆ ಏರಿತು. ಸಾಮಾನ್ಯ ಲೋಹದ ಸ್ಟ್ರೇನ್ ಗೇಜಿನಲ್ಲಿ (ಹಿಗ್ಗನ್ನು ರೋಧದ ಮೂಲಕ ಅಳೆಯುವ ಪಟ್ಟಿಯಲ್ಲಿ) ಈ ಸ್ಪಂದನೆಯ ಸಂಖ್ಯೆ ಸುಮಾರು 2. ಈ ಹರಳುಗಳಲ್ಲಿ ಅದು ನೂರಾರಕ್ಕೆ ಹೋಗುತ್ತದೆ. ಎಲೆಕ್ಟ್ರಾನುಗಳು ತುದಿಗಾಲಲ್ಲಿ ನಿಂತಿದ್ದವು. ಹಿಗ್ಗು ಅವಕ್ಕೊಂದು ಸಣ್ಣ ನೆಪ.

ಇದನ್ನು ಓದಿ ತಿಳಿಯುವುದಕ್ಕಿಂತ ಕೈಯಲ್ಲಿ ಮಾಡಿ ನೋಡುವುದು ಒಳ್ಳೆಯದು.

ಹಂತ 5: ಸ್ಟೀಲ್ ಸ್ಕೇಲಿನ ಪ್ರಯೋಗ

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಸ್ಕೇಲನ್ನು ಮೇಜಿನ ಅಂಚಿಗೆ ನೆಟ್ಟಗೆ ನಿಲ್ಲಿಸಿ, ಕೆಳಗಿನ ಎರಡು ಮೂರು ಸೆಂಟಿಮೀಟರನ್ನು ಎರಡು ಮರದ ತುಂಡುಗಳ ನಡುವೆ ಹಿಡಿದು ಬಿಗಿಯಾಗಿ ಕಟ್ಟಿ. ಮೇಲಿನ ತುದಿಗೆ, ಸ್ಕೇಲಿನ ಅಗಲದ ದಿಕ್ಕಿಗೇ, ಒಂದು ಬಿದಿರಿನ ಕಡ್ಡಿಯನ್ನು ರಬ್ಬರ್ ಬ್ಯಾಂಡಿನಿಂದ ಅಡ್ಡ ಕಟ್ಟಿ. ಕಡ್ಡಿಯ ಎರಡು ತುದಿಗೂ ಸಮತೂಕದ ಮರಳಿನ ಪೊಟ್ಟಣ ತೂಗಿಬಿಡಿ. ದಾರ ಸ್ಕೇಲಿಗೆ ತಾಗಬಾರದು. ಹಿಂದೆ ಗೋಡೆಗೆ ಒಂದು ಗ್ರಾಫ್ ಹಾಳೆ ಅಂಟಿಸಿ, ಸ್ಕೇಲಿನ ತುದಿ ಎಲ್ಲಿದೆ ಎಂದು ಗುರುತು ಮಾಡಿ. ಇನ್ನೊಂದು ದಾರವನ್ನು ಸ್ಕೇಲಿನ ತುದಿಯಿಂದ ಪಕ್ಕಕ್ಕೆ ಎಳೆದು, ಮೊಳೆಗೆ ಸಿಕ್ಕಿಸಿದ ಬಾಬಿನ್ ಮೇಲಿಂದ ಇಳಿಬಿಟ್ಟು, ತುದಿಗೆ 10 ಗ್ರಾಂ ತೂಗಿಸಿ. ಬಾಬಿನ್ ಸಲೀಸಾಗಿ ಉರುಳಬೇಕು. ಇಲ್ಲವಾದರೆ ಒಂದು ಹನಿ ಎಣ್ಣೆ ಬಿಡಿ.

ಮೊದಲು ಮರಳಿಲ್ಲದೆ, 10 ಗ್ರಾಂ ಎಳೆತಕ್ಕೆ ತುದಿ ಎಷ್ಟು ಸರಿಯಿತು ನೋಡಿ. ಆಮೇಲೆ ಮರಳು ಹೆಚ್ಚಿಸುತ್ತಾ, ಪ್ರತಿ ಸಲ ಅದೇ 10 ಗ್ರಾಂ ಎಳೆತ ಕೊಟ್ಟು ಸರಿದ ದೂರ ಬರೆಯಿರಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆದು ಎರಡರ ಸರಾಸರಿ ತೆಗೆದುಕೊಳ್ಳಿ. ಸ್ಕೇಲಿಗೆ ಹುಟ್ಟಿನಿಂದಲೇ ಸಣ್ಣ ಸೊಟ್ಟು ಇರುತ್ತದೆ. ಎರಡು ಕಡೆ ಎಳೆದರೆ ಅದು ಕಳೆದುಹೋಗುತ್ತದೆ. ಪೀಜೋಗೆ ಧನ ಮತ್ತು ಋಣ ಎರಡೂ ವೋಲ್ಟೇಜ್ ಕೊಟ್ಟು ಅಳೆಯುವುದೂ ಇದೇ ಕಾರಣಕ್ಕೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮರಳಿಲ್ಲದಾಗ 4 ಮಿಲಿಮೀಟರ್, 200 ಗ್ರಾಂಗೆ 6, 300ಕ್ಕೆ 8, 400ಕ್ಕೆ 12, 450ಕ್ಕೆ 16. ಎಳೆತ ಅದೇ 10 ಗ್ರಾಂ, ಸರಿಯುವುದು ಮಾತ್ರ ನಾಲ್ಕು ಪಟ್ಟು. ಈಗ ದೂರದ ವಿಲೋಮವನ್ನು ತೂಕದ ಎದುರು ಗುರುತಿಸಿ: 0.25, 0.167, 0.125, 0.083, 0.0625. ಐದೂ ಬಿಂದು ಒಂದೇ ನೇರಗೆರೆಯ ಮೇಲೆ ಕೂರುತ್ತವೆ. ಗೆರೆಯನ್ನು ಮುಂದುವರಿಸಿದರೆ 600 ಗ್ರಾಂನಲ್ಲಿ ಸೊನ್ನೆ ಮುಟ್ಟುತ್ತದೆ. ಆ ತೂಕದಲ್ಲಿ ಎಳೆತವೇ ಬೇಡ, ಸ್ಕೇಲು ತಾನಾಗಿ ಎಡಕ್ಕೋ ಬಲಕ್ಕೋ ಬಾಗುತ್ತದೆ. ನಿಮ್ಮ ಸ್ಕೇಲಿನ ಸಂಖ್ಯೆ ಬೇರೆ ಬರುತ್ತದೆ, ಏಕೆಂದರೆ ದಪ್ಪ ಸ್ವಲ್ಪ ಹೆಚ್ಚಿದರೂ ಬಾಗುವ ತೂಕ ಬಹಳ ಏರುತ್ತದೆ. ಸೊನ್ನೆ ಮುಟ್ಟುವ ತೂಕದ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ. ಅದರಾಚೆ ಬಾಗು ಅತಿಯಾಗಿ ನೇರಗೆರೆ ಕೆಡುತ್ತದೆ, ಸ್ಕೇಲೂ ಶಾಶ್ವತವಾಗಿ ಸೊಟ್ಟಗಾಗಬಹುದು.

ಮರಳು ಹೆಚ್ಚಿಸುವುದು ಹರಳನ್ನು ತಣ್ಣಗೆ ಮಾಡಿದ ಹಾಗೆ. 10 ಗ್ರಾಂ ಎಳೆತ ಪೀಜೋ ಕೊಟ್ಟ ಹಿಗ್ಗು. ತುದಿ ಸರಿದ ದೂರ ರೋಧದ ದಿಕ್ಕುಭೇದ. ಎಡ-ಬಲದ ಆಯ್ಕೆ, ಚೌಕ ಜಾಲಕದ ಎರಡು ಬದಿಗಳಲ್ಲಿ ಒಂದನ್ನು ಆರಿಸುವುದು. ದೂರವನ್ನು ಎಳೆತದಿಂದ ಭಾಗಿಸಿದರೆ ಸಿಗುವುದೇ ನೆಮ್ಯಾಟಿಕ್ ಗ್ರಾಹ್ಯತೆ.

ಹಂತ 6: ನಿಜವಾದ ಗ್ರಾಫನ್ನು ಓದುವುದು

ಸಂಶೋಧನಾ ಪ್ರಬಂಧ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು ಗ್ರಾಹ್ಯತೆ ಮತ್ತು ತಾಪಮಾನದ ಚಿತ್ರ. ಬಲದಿಂದ ಎಡಕ್ಕೆ ಓದಿ. ಬಲತುದಿಯಲ್ಲಿ ಉಳಿಯುವ ಸ್ಥಿರ ಮೌಲ್ಯವನ್ನು ಕಳೆದು, ಉಳಿದದ್ದರ ವಿಲೋಮ ಹಾಕಿ. ನೇರಗೆರೆ ಬಂದರೆ ಅದು ಕ್ಯೂರಿ-ವೈಸ್ ನಡವಳಿಕೆ, ನಿಮ್ಮ ಸ್ಕೇಲಿನದೇ ನಡವಳಿಕೆ. ಆ ಗೆರೆ ಸೊನ್ನೆ ಮುಟ್ಟುವ ತಾಪಮಾನ, ಜಾಲಕದ ಸಹಾಯವಿಲ್ಲದಿದ್ದರೆ ಎಲೆಕ್ಟ್ರಾನುಗಳು ಒಂಟಿಯಾಗಿ ದಿಕ್ಕು ಹಿಡಿಯುತ್ತಿದ್ದ ತಾಪಮಾನ. ಬೇರಿಯಂ-ಕಬ್ಬಿಣ-ಆರ್ಸೆನಿಕ್ ಹರಳಿನಲ್ಲಿ ಅದು ನಿಜವಾದ 138 ಕೆಲ್ವಿನ್ನಿಗಿಂತ ಸುಮಾರು 20 ಕೆಲ್ವಿನ್ ಕೆಳಗಿದೆ. ಜಾಲಕ ಕೈಜೋಡಿಸಿದ್ದರಿಂದ ಕೆಲಸ ಬೇಗ ಆಯಿತು.

ಕಬ್ಬಿಣದ ಬದಲು ಕೋಬಾಲ್ಟ್ ಸೇರಿಸುತ್ತಾ ಹೋದರೆ ಈ ತಾಪಮಾನ ಇಳಿಯುತ್ತಾ ಸೊನ್ನೆಯತ್ತ ಹೋಗುತ್ತದೆ. ಅತಿವಾಹಕ ತಾಪಮಾನ ಎಲ್ಲಕ್ಕಿಂತ ಎತ್ತರವಾಗುವುದು, ಸುಮಾರು 24 ಕೆಲ್ವಿನ್, ಅದೇ ಜಾಗದ ಆಸುಪಾಸಿನಲ್ಲಿ. ಬೇರೆ ಕೆಲವು ಕಬ್ಬಿಣದ ಕುಟುಂಬಗಳಲ್ಲೂ ಅತಿವಾಹಕತೆ ಉತ್ತುಂಗದಲ್ಲಿರುವ ಕಡೆ ಗ್ರಾಹ್ಯತೆ ಹೀಗೆ ಏರುತ್ತದೆ ಎಂದು 2016ರಲ್ಲಿ ಅದೇ ತಂಡ ತೋರಿಸಿತು. ಇಷ್ಟು ನೋಡಿದವರು ನೆಮ್ಯಾಟಿಕ್‌ನಿಂದಲೇ ಅತಿವಾಹಕತೆ ಎಂದು ಬರೆದುಬಿಡುತ್ತಾರೆ. ಅವಸರ ಬೇಡ.

ಹಂತ 7: ಅತಿವಾಹಕತೆಯ ಪ್ರಶ್ನೆಯನ್ನು ಮೂರಾಗಿ ಒಡೆಯಿರಿ

1911ರಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಕಂಡ ಅತಿವಾಹಕತೆಗೆ 1957ರಲ್ಲಿ ವಿವರಣೆ ಸಿಕ್ಕಿತು: ಒಂದು ಎಲೆಕ್ಟ್ರಾನು ಹಾದುಹೋಗುವಾಗ ಜಾಲಕ ಕಂಪಿಸುವಂತೆ ಮಾಡುತ್ತದೆ, ಆ ಕಂಪನ ಇನ್ನೊಂದು ಎಲೆಕ್ಟ್ರಾನನ್ನು ಸೆಳೆದು ಜೋಡಿ ಮಾಡುತ್ತದೆ. ಜಾಲಕದ ಕಂಪನ ಒಂದರಿಂದಲೇ ವಿವರಿಸಲಾಗದ ಅತಿವಾಹಕತೆಯನ್ನು ಅಸಾಂಪ್ರದಾಯಿಕ ಎನ್ನುತ್ತೇವೆ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಕಂಡುಹಿಡಿದ ತಾಮ್ರದ ಆಕ್ಸೈಡುಗಳು, ಆಮೇಲಿನ ಕಬ್ಬಿಣದ ಸಂಯುಕ್ತಗಳು ಈ ಪೈಕಿ. ಇಲ್ಲಿ ನೆಮ್ಯಾಟಿಕ್ ಎಂಬ ಪದ ಮೂರು ಬೇರೆ ಬೇರೆ ಅರ್ಥದಲ್ಲಿ ನುಗ್ಗುತ್ತದೆ. ಯಾರೇ ಮಾತಾಡಿದರೂ ಯಾವ ಅರ್ಥದಲ್ಲಿ ಎಂದು ಕೇಳಿ.

ಒಂದು, ನೆಲೆಗೊಂಡ ನೆಮ್ಯಾಟಿಕ್ ಸ್ಥಿತಿ. ಸ್ಕೇಲು ಆಗಲೇ ಬಾಗಿದೆ. ಇದು ಸಾಮಾನ್ಯವಾಗಿ ಅತಿವಾಹಕತೆಗೆ ಪೈಪೋಟಿ, ಎರಡೂ ಅದೇ ಎಲೆಕ್ಟ್ರಾನುಗಳಿಗೆ ಕೈಹಾಕುತ್ತವೆ. ಎರಡು, ನೆಮ್ಯಾಟಿಕ್ ಏರಿಳಿತ. ಸ್ಕೇಲು ಇನ್ನೂ ಬಾಗಿಲ್ಲ, ಆದರೆ ಉಸಿರು ತಾಗಿದರೆ ತೂಗಾಡುತ್ತದೆ. ಒಂದು ಎಲೆಕ್ಟ್ರಾನು ಹಾದುಹೋದರೆ ಸುತ್ತಲಿನ ಎಲೆಕ್ಟ್ರಾನುಗಳು ಕ್ಷಣಕಾಲ ಒಂದು ದಿಕ್ಕಿಗೆ ವಾಲುತ್ತವೆ, ಆ ವಾಲು ಇನ್ನೊಂದನ್ನು ಸೆಳೆಯುತ್ತದೆ. 2015ರಲ್ಲಿ ಲೆಡರರ್, ಬರ್ಗ್, ಕೀವೆಲ್‌ಸನ್ ಮತ್ತು ಸಂಗಡಿಗರು ತೋರಿಸಿದ ಒಂದು ಅಂಶ ಇಲ್ಲಿ ಬಹಳ ಮುಖ್ಯ. ಈ ಏರಿಳಿತ ಎಲೆಕ್ಟ್ರಾನಿಗೆ ಕೊಡುವ ತಳ್ಳು ಚಿಕ್ಕದು, ದಾರಿ ಹೆಚ್ಚು ಬದಲಿಸುವುದಿಲ್ಲ. ಹಾಗಾಗಿ ಜೋಡಿಯ ಸಮಮಿತಿ ಯಾವುದೇ ಇರಲಿ, ಅದಕ್ಕೆ ಬಲ ಕೊಡುತ್ತದೆ. ಕಾಂತೀಯ ಏರಿಳಿತ ಹಾಗಲ್ಲ, ಅದು ತನಗೆ ಬೇಕಾದ ಸಮಮಿತಿಯನ್ನೇ ಹೇರುತ್ತದೆ. ಅಂದರೆ ನೆಮ್ಯಾಟಿಕ್ ಏರಿಳಿತ ಎಲೆಕ್ಟ್ರಾನುಗಳನ್ನು ಜೋಡಿಸುವ ಮುಖ್ಯ ಅಂಟಲ್ಲದಿದ್ದರೂ ಬೇರೆ ಅಂಟಿನ ಕೈ ಬಲಪಡಿಸಬಲ್ಲದು. ಮೂರು, ಜೋಡಿಯೇ ದಿಕ್ಕು ಹಿಡಿಯುವ ನೆಮ್ಯಾಟಿಕ್ ಅತಿವಾಹಕತೆ. ತಾಮ್ರ ಸೇರಿಸಿದ ಬಿಸ್ಮತ್ ಸೆಲೆನೈಡ್ ಇದಕ್ಕೆ ಉದಾಹರಣೆ: ಜಾಲಕಕ್ಕೆ ಮೂರು ಮಡಿ ಸಮಮಿತಿಯಿದ್ದರೂ (ಮೂರನೇ ಒಂದು ಸುತ್ತು ತಿರುಗಿಸಿದರೂ ಅದೇ ನೋಟ) ಅತಿವಾಹಕ ಸ್ಥಿತಿ ಎರಡು ಮಡಿಯಷ್ಟೇ (ಅರ್ಧ ಸುತ್ತು ತಿರುಗಿಸಿದರೆ ಮಾತ್ರ ಅದೇ ನೋಟ) ಎಂದು 2016ರಲ್ಲಿ ಜಪಾನಿನ ಎನ್‌ಎಂಆರ್ (ಪರಮಾಣು ಬೀಜಗಳ ಕಾಂತೀಯ ಸ್ಪಂದನೆ ಅಳೆಯುವ) ಪ್ರಯೋಗದಲ್ಲಿ ಕಂಡಿತು. ಮೂರನೆಯದನ್ನು ಸದ್ಯ ಪಕ್ಕಕ್ಕಿಡಿ, ಅದು ಬೇರೆಯೇ ಕಥೆ.

ಎರಡನೆಯ ಅರ್ಥಕ್ಕೆ ಸಾಕ್ಷಿ ಹುಡುಕುವಾಗ ಒಂದು ಕಷ್ಟವಿದೆ. ಕಬ್ಬಿಣ-ಆರ್ಸೆನಿಕ್ ಹರಳುಗಳಲ್ಲಿ ನೆಮ್ಯಾಟಿಕ್ ಸ್ಥಿತಿಯ ಬೆನ್ನಿಗೇ ಕಾಂತೀಯ ಕ್ರಮವೂ ಅಂಟಿಕೊಂಡು ಬರುತ್ತದೆ. ಅತಿವಾಹಕತೆ ಏರಿದ್ದು ಯಾರಿಂದ ಎಂದು ಹೇಳುವ ಹಾಗಿಲ್ಲ. ಅದಕ್ಕೇ ಎಲ್ಲರ ಕಣ್ಣು ಕಬ್ಬಿಣ ಸೆಲೆನೈಡಿನ ಮೇಲೆ. ಅದು ಸುಮಾರು 90 ಕೆಲ್ವಿನ್ನಿನಲ್ಲಿ ನೆಮ್ಯಾಟಿಕ್ ಆಗುತ್ತದೆ, 8-9 ಕೆಲ್ವಿನ್ನಿನಲ್ಲಿ ಅತಿವಾಹಕ. ಸಾಮಾನ್ಯ ಒತ್ತಡದಲ್ಲಿ ಅದಕ್ಕೆ ಕಾಂತೀಯ ಕ್ರಮವೇ ಇಲ್ಲ. ಒತ್ತಡ ಹಾಕಿದರೆ ಅತಿವಾಹಕ ತಾಪಮಾನ 37 ಕೆಲ್ವಿನ್ನಿನವರೆಗೂ ಹೋಗುತ್ತದೆ, ಆದರೆ ಆಗ ಕಾಂತೀಯತೆಯೂ ಬಂದು ಸೇರುವುದರಿಂದ ಮತ್ತೆ ಅದೇ ಗೊಂದಲ. ಒತ್ತಡದ ಬದಲು ರಾಸಾಯನಿಕ ದಾರಿ ಹಿಡಿಯುವುದು ಮೇಲು.

ಸೆಲೆನಿಯಂ ಜಾಗದಲ್ಲಿ ಗಂಧಕ ಹಾಕುತ್ತಾ ಹೋಗಿ. ಶೇಕಡಾ 17ರ ಹತ್ತಿರ ನೆಮ್ಯಾಟಿಕ್ ಸ್ಥಿತಿ ಇಲ್ಲವಾಗುತ್ತದೆ, ಗ್ರಾಹ್ಯತೆ ಅಲ್ಲಿ ಭಾರಿ ಏರುತ್ತದೆ. ಅತಿವಾಹಕ ತಾಪಮಾನವೂ ಅಲ್ಲೇ ಉತ್ತುಂಗಕ್ಕೆ ಹೋಗಬೇಕಿತ್ತು. ಹೋಗುವುದಿಲ್ಲ. ಅದರ ಸಣ್ಣ ದಿಬ್ಬ ಶೇಕಡಾ 10ರ ಆಸುಪಾಸಿಗೇ ಮುಗಿದು, 17 ದಾಟುವಾಗ ಇಳಿಮುಖವಾಗಿರುತ್ತದೆ. ಈಗ ಅದೇ ಜಾಗಕ್ಕೆ ಗಂಧಕದ ಬದಲು ಟೆಲ್ಲೂರಿಯಂ ಹಾಕಿ. ನೆಮ್ಯಾಟಿಕ್ ಸ್ಥಿತಿ ಅರ್ಧ ಪಾಲಿನ ಹತ್ತಿರ ಮುಗಿಯುತ್ತದೆ, ಇಲ್ಲಿ ಅತಿವಾಹಕತೆಯ ದಿಬ್ಬ ಆ ಬಿಂದುವಿನ ಸುತ್ತಲೇ ಏಳುತ್ತದೆ, ಸುಮಾರು 14 ಕೆಲ್ವಿನ್‌ವರೆಗೆ. ಒಂದೇ ತಾಯಿ, ಒಂದೇ ಜಾಗದ ಬದಲಾವಣೆ, ಎರಡು ತದ್ವಿರುದ್ಧ ಉತ್ತರ.

ನನ್ನ ಅಭಿಪ್ರಾಯ ಕೇಳಿದರೆ, ಇಡೀ ಕ್ಷೇತ್ರದಲ್ಲಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇನ್ನೊಂದಿಲ್ಲ. ಏಕೆ ಹೀಗೆ ಎಂಬುದಕ್ಕೆ ಒಂದು ಸುಳಿವು ಜಾಲಕದಲ್ಲಿದೆ. 2017ರಲ್ಲಿ ಪಾಲ್ ಮತ್ತು ಗಾರ್ಸ್ಟ್ ತೋರಿಸಿದಂತೆ, ಎಲೆಕ್ಟ್ರಾನು ಜಾಲಕಕ್ಕೆ ಬಿಗಿಯಾಗಿ ಕಟ್ಟಿಕೊಂಡಿದ್ದರೆ ಏರಿಳಿತ ಎಲ್ಲ ದಿಕ್ಕಿಗೂ ಹರಡದೆ ಕೆಲವೇ ದಿಕ್ಕುಗಳಿಗೆ ಸೀಮಿತವಾಗುತ್ತದೆ, ಅತಿವಾಹಕತೆಗೆ ಸಿಗುವ ಬಲ ಸೊರಗುತ್ತದೆ. ಕಟ್ಟು ಸಡಿಲವಿದ್ದ ಕಡೆ ಬಲ ಪೂರ್ತಿ ಸಿಗಬಹುದು. ನಿಕ್ಕಲ್ಲಿನ ಸಂಯುಕ್ತವೊಂದು ಈ ಆಸೆಗೆ ನೀರೆರೆಯುತ್ತದೆ. ಬೇರಿಯಂ-ನಿಕ್ಕಲ್-ಆರ್ಸೆನಿಕ್‌ಗೆ ಸ್ಟ್ರಾನ್ಷಿಯಂ ಬೆರೆಸಿದಾಗ, ನೆಮ್ಯಾಟಿಕ್ ಏರಿಳಿತ ಜೋರಾಗುವ ಜಾಗದಲ್ಲಿ ಅತಿವಾಹಕ ತಾಪಮಾನ ಸುಮಾರು ಆರು ಪಟ್ಟು ಏರಿ 3.5 ಕೆಲ್ವಿನ್ ಮುಟ್ಟಿದ್ದನ್ನು 2020ರಲ್ಲಿ ಪ್ರಕಟಿಸಿದರು.

ಮುಂದಿನ ಸಂಜೆಗೆ ಕೆಲಸ ಇದು. ಗಂಧಕದ ಚಿತ್ರ, ಟೆಲ್ಲೂರಿಯಂ ಚಿತ್ರ ಎರಡನ್ನೂ ಒಂದೇ ಗ್ರಾಫ್ ಹಾಳೆಯ ಮೇಲೆ, ಸೆಲೆನೈಡನ್ನು ನಡುವೆ ಇಟ್ಟು, ಗಂಧಕವನ್ನು ಎಡಕ್ಕೂ ಟೆಲ್ಲೂರಿಯಂ ಅನ್ನು ಬಲಕ್ಕೂ ಬರೆಯಿರಿ. ನೆಮ್ಯಾಟಿಕ್ ತಾಪಮಾನಕ್ಕೆ ಒಂದು ಬಣ್ಣ, ಅತಿವಾಹಕ ತಾಪಮಾನಕ್ಕೆ ಇನ್ನೊಂದು. ನೆಮ್ಯಾಟಿಕ್ ಗೆರೆ ನೆಲ ಮುಟ್ಟುವ ಎರಡು ಬಿಂದುಗಳಲ್ಲಿ ನೆಟ್ಟಗೆ ಒಂದೊಂದು ಗೆರೆ ಎಳೆಯಿರಿ. ಎಡಗಡೆಯ ಗೆರೆ ದಿಬ್ಬದ ಇಳಿಜಾರಿನಲ್ಲಿ ಬೀಳುತ್ತದೆ, ಬಲಗಡೆಯದು ದಿಬ್ಬದ ನೆತ್ತಿಯ ಪಕ್ಕದಲ್ಲಿ. ಆ ಹಾಳೆಯನ್ನು ಮೇಜಿನ ಎದುರಿನ ಗೋಡೆಗೆ, ಸ್ಕೇಲಿನ ಗ್ರಾಫಿನ ಪಕ್ಕಕ್ಕೇ ಅಂಟಿಸಿಕೊಂಡು ಮುಂದಿನ ಪ್ರಬಂಧ ಓದಲು ಕೂರಿ.